ಬಿದ್ದ ಕಲ್ಲನ್ನು ಎತ್ತಿಟ್ಟವನು

"ಕೋಳ ಹಾಕಿಯೇ ತಾ, ಪರವಾಗಿಲ್ಲ. ಆದ್ರೆ ಜೈಲಿಗೆ ಒಯ್ಯೋಕೆ ಮುಂಚೆ ಒಂದ್ಸಲ ನನ್ನ ಹೊಸ್ತಿಲಿಗೆ ತಾ."

ಹದಿನಾಲ್ಕು ವರ್ಷಗಳ ಹಿಂದೆ ಚಾಯ್‌ಫೆಂಗ್ ಅಜ್ಜಿ ಕೇಳಿದ್ದು ಇಷ್ಟೇ. ನಾನು ಲುಂಗ್‌ವೇ ದ್ವೀಪದ ಠಾಣೆಗೆ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಮಗಳಿಗೆ ಹಲ್ಲು ಬರುತ್ತಿತ್ತು. ಒಂದು ಕೈಯಲ್ಲಿ ಅವಳು, ಇನ್ನೊಂದು ಕೈಯಲ್ಲಿ ಪೆನ್ನು. ಅಜ್ಜಿ ನನ್ನ ತೋಳಿನಿಂದ ಕೂಸನ್ನು ಕಸಿದುಕೊಂಡಳು, ತನ್ನ ಬೆರಳನ್ನೇ ಅದರ ಒಸಡಿಗೆ ಕೊಟ್ಟಳು. ಅಳು ನಿಂತ ಮೇಲೆ ಆ ಮಾತು ಹೇಳಿದಳು.

"ತರ್ತೀನಿ ಅಜ್ಜಿ. ಮಾತು ಕೊಟ್ಟೆ," ಎಂದಿದ್ದೆ.

ಅಜ್ಜಿಯ ಮಗ ಲ್ಯು ಚಿಯಾಮು. ಇಪ್ಪತ್ತೊಂದು ವರ್ಷಗಳ ಹಿಂದೆ, ಮೀನು ಹಿಡಿಯಲು ಕಡಲಲ್ಲಿ ಕಲ್ಲು ಪೇರಿಸಿ ಕಟ್ಟಿದ ಉತ್ತರದ ಮೀನುಕಟ್ಟೆಯಲ್ಲಿ ತನ್ನ ಜೊತೆಗಾರ ಹುಂಗ್ ಯುಂಗ್‌ಫಾನ ತಲೆಯೊಡೆದು ದೋಣಿ ಹತ್ತಿ ಓಡಿಹೋದವನು ಎಂದು ಊರಿಗೆ ಊರೇ ನಂಬಿತ್ತು. ಯುಂಗ್‌ಫಾನ ಹೆಣ ಒಂಬತ್ತು ದಿನ ಕಳೆದು ಹೊರಬಂಡೆಯ ಹತ್ತಿರ ಸಿಕ್ಕಿತ್ತು. ಮುಖ ಉಳಿದಿರಲಿಲ್ಲ. ಮಳೆಯಂಗಿ ನೋಡಿ ಹೆಂಡತಿ ಸುಲಿಯೆನ್ "ಇವರೇ" ಎಂದಿದ್ದಳು. ಚಿಯಾಮು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

ಈಗ ಅದೇ ಸುಲಿಯೆನ್ ದೊಡ್ಡ ದ್ವೀಪದ ಮಾಕುಂಗ್ ಪೇಟೆಯ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಳು. ಹನ್ನೊಂದೂವರೆಗೆ ಅವಳನ್ನು ಅವಳ ಸ್ಕೂಟರ್ ಬಾಡಿಗೆ ಅಂಗಡಿಯಲ್ಲಿ ನೋಡಿದವರಿದ್ದರು. ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಬಾಡಿಗೆ ಸ್ಕೂಟರ್ ವಾಪಸು ಕೊಡಲು ಹೋದ ಜೋಡಿಯೊಂದು, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅವಳನ್ನು ನೋಡಿ ಕಿರುಚಿಕೊಂಡಿತ್ತು. ಹಿಂದಿನಿಂದ ಹೊಡೆತ. ಪಕ್ಕದಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್. ಹೆಲಿಕಾಪ್ಟರ್ ಅವಳನ್ನು ಎತ್ತಿಕೊಂಡು ಹೋದಾಗ ಒಂದೂ ಇಪ್ಪತ್ತು.

ಬೆಳಿಗ್ಗೆ ಹತ್ತಕ್ಕೆ ಬಂದ ದೋಣಿ ಒಂದೇ. ಇಳಿದವರು ಮೂವತ್ತನಾಲ್ಕು. ಅದೇ ದೋಣಿ ನಾಲ್ಕೂವರೆಗೆ ಹೊರಡುತ್ತದೆ. ಊರಿನವರು ಎಲ್ಲಿಗೂ ಹೋಗುವುದಿಲ್ಲ, ಅವರನ್ನು ನಾಳೆಯೂ ಕೇಳಬಹುದು.

"ಹೆಸರು, ಗುರುತಿನ ಚೀಟಿ ಬರ್ಕೊಂಡು ಕಳಿಸಿಬಿಡಿ. ಇಲ್ಲಿ ವಿಚಾರಿಸೋಣ," ಎಂದು ಮಾಕುಂಗ್‌ನಿಂದ ಸಾಹೇಬರು ಫೋನಿನಲ್ಲಿ ಹೇಳಿದ್ದರು.

ಅಲ್ಲಿ ದೋಣಿಕಟ್ಟೆಯಿಂದ ವಿಮಾನ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ. ಕಳಿಸಿದರೆ ಮುಗಿಯಿತು. ಠಾಣೆಯ ಇನ್ನೊಬ್ಬ ಪೇದೆ ರಜೆಯಲ್ಲಿದ್ದ. ನಾನೊಬ್ಬಳೇ ಇದ್ದೆ. ನಾಲ್ಕೂವರೆಯೊಳಗೆ ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ದೋಣಿಕಟ್ಟೆಗೆ ಬಂದೆ.

*

"ನಾಲಿಗೆ ಹೊರಗೆ ಹಾಕಿ."

"ಏನಂದ್ರಿ?"

"ನಾಲಿಗೆ, ಮೇಷ್ಟ್ರೇ. ಡಾಕ್ಟರಿಗೆ ತೋರಿಸ್ತೀರಲ್ಲ, ಹಾಗೆ."

ತೈನಾನ್‌ನಿಂದ ಬಂದಿದ್ದ ಆ ಶಾಲೆ ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಹೆಂಡತಿ ಆಗಲೇ ತನ್ನ ನಾಲಿಗೆ ಚಾಚಿ ನಿಂತಿದ್ದಳು. ಕಡುಗೆಂಪು. ಮೇಷ್ಟ್ರದ್ದೂ ಕೆಂಪು. ಮಗನದ್ದು ನಾಲಿಗೆಯಷ್ಟೇ ಅಲ್ಲ, ಮೂಗಿನ ತುದಿಯೂ ಕೆಂಪು.

ನಮ್ಮ ದ್ವೀಪಕ್ಕೆ ಬಂದವರು ಕಳ್ಳಿಹಣ್ಣಿನ ಐಸ್ ತಿನ್ನದೆ ಹೋಗುವುದಿಲ್ಲ. ತಿಂದವರ ನಾಲಿಗೆ ಎರಡು ತಾಸು ಸುಳ್ಳು ಹೇಳುವುದಿಲ್ಲ. ಹನ್ನೊಂದೂವರೆಯಿಂದ ಹನ್ನೆರಡೂಕಾಲರವರೆಗೆ ಐಸ್ ಅಂಗಡಿಯ ಮುಂದೆ ಸಾಲು ನಿಂತಿತ್ತು, ಅಂಗಡಿಯವಳಿಗೆ ಒಂದೊಂದು ಮುಖವೂ ನೆನಪಿತ್ತು. ಹತ್ತೊಂಬತ್ತು ನಾಲಿಗೆಗಳು ಅಲ್ಲೇ ಪಾರಾದವು.

"ನಮ್ಮನ್ನೇನು ದನ ಅಂದ್ಕೊಂಡ್ರಾ? ಸಂತೇಲಿ ಹಲ್ಲು ನೋಡ್ದಂಗೆ ನೋಡ್ತೀರಿ!" ಎಂದು ದಪ್ಪ ಹೆಂಗಸೊಬ್ಬಳು ರೇಗಿದಳು.

"ದನ ಆಗಿದ್ರೆ ಬಾಲ ನೋಡಿ ಬಿಟ್ಟುಬಿಡ್ತಿದ್ದೆ ಅಕ್ಕಾ. ನೀವು ಪಾರು. ನೆರಳಲ್ಲಿ ಕೂತ್ಕೊಳ್ಳಿ."

ಕನ್ನಡಕ ಹಾಕಿಕೊಂಡು ನೀರಿನಡಿಯ ಮೀನು ನೋಡಲು ಹೋದವರು ಹನ್ನೊಂದು ಮಂದಿ. ಆ ಹೊತ್ತಿನಲ್ಲಿ ಅವರೆಲ್ಲ ಒಂದೇ ಹಗ್ಗ ಹಿಡಿದುಕೊಂಡು ನೀರಿನಲ್ಲಿದ್ದರು. ಅವರೂ ಪಾರು.

ಉಳಿದವರು ನಾಲ್ವರು. ಜಗಳವಾಡಿಕೊಂಡು ದೇವಸ್ಥಾನದ ಮೆಟ್ಟಿಲ ಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದ ಹೊಸ ಜೋಡಿ. ದೀಪಸ್ತಂಭದ ಚಿತ್ರ ಬರೆಯಲು ಬಂದಿದ್ದ ಕಾಲೇಜು ಹುಡುಗಿ. ನಾಲ್ಕನೆಯವನು ಕೋ ವೆನ್‌ಪಿನ್, ಐವತ್ತೈದರ ಗಂಡಸು, ಕಾವೋಶುಂಗ್ ಪಟ್ಟಣದವನು. ಅಗಲ ಟೋಪಿ, ಕಪ್ಪು ಕನ್ನಡಕ, ಕಣ್ಣಿನ ಕೆಳಗೆಲ್ಲ ಬಿಸಿಲುಬಟ್ಟೆ. ನಮ್ಮ ಗಾಳಿಗೆ ಎಲ್ಲರೂ ಹಾಗೆಯೇ ಸುತ್ತಿಕೊಳ್ಳುತ್ತಾರೆ. ಬಟ್ಟೆಯಿಲ್ಲದ ಮುಖ ಕಂಡರೆ ನಮಗೇ ವಿಚಿತ್ರ.

"ಐಸ್ ತಿನ್ಲಿಲ್ವಾ, ಸಾರ್?"

"ಸಕ್ಕರೆ ಕಾಯಿಲೆ."

"ಮತ್ತೆ ಏನು ಮಾಡಿದ್ರಿ ಹತ್ತರಿಂದ?"

ಅವನು ಪಾಠ ಒಪ್ಪಿಸಿದಂತೆ ಹೇಳಿದ. ದೋಣಿ ಇಳಿದ ಮೇಲೆ ದೇವಸ್ಥಾನಕ್ಕೆ ಹೋಗಿ ಸಮುದ್ರದಮ್ಮನಿಗೆ ಕೈ ಮುಗಿದೆ. ಆಮೇಲೆ ಮರಳಬಾಲದ ತುದಿಯವರೆಗೆ ಒಬ್ಬನೇ ನಡೆದೆ. ಶಂಖ ಆಯ್ದೆ. ವಾಪಸು ಬಂದು ಮೀನುಕಟ್ಟೆ ನೋಡುವ ಗುಂಪಿಗೆ ಸೇರಿಕೊಂಡೆ. ಆಮೇಲೆ ಶೇಂಗಾ ಕೊಂಡೆ.

"ಮೊದಲ ಸಲವಾ ನಮ್ಮ ಕಡೆ?"

"ಮೊದಲ ಸಲ. ಚೆನ್ನಾಗಿದೆ. ಗಾಳಿ ಮಾತ್ರ ಜಾಸ್ತಿ."

ಗುರುತಿನ ಚೀಟಿ ಅಸಲಿಯಂತೆಯೇ ಕಂಡಿತು. ಅರೆಗಳಿಗೆ ಬಟ್ಟೆ ಸರಿಸಿ ತೋರಿಸಿದ, ಫೋಟೋ ಅವನದ್ದೇ. ಜೇಬಿನಲ್ಲಿ ಶಂಖವೂ ಇತ್ತು. ಮರಳಬಾಲ ಎಂದರೆ ಕಡಲೊಳಗೆ ಚಾಚಿದ ಒಂದೂವರೆ ಮೈಲಿ ಉದ್ದದ ಮರಳದಿಣ್ಣೆ. ಅಲ್ಲಿ ಒಬ್ಬನೇ ನಡೆದವನನ್ನು ಕಡಲಹಕ್ಕಿ ಬಿಟ್ಟರೆ ಯಾರೂ ನೋಡುವುದಿಲ್ಲ. ನಡೆದ ಎನ್ನುವುದಕ್ಕೂ, ನಡೆಯಲಿಲ್ಲ ಎನ್ನುವುದಕ್ಕೂ ಸಾಕ್ಷಿ ಇಲ್ಲ.

ನಾಲ್ವರಲ್ಲಿ ಯಾರನ್ನೂ ಹಿಡಿಯಲು ಕಾರಣ ಇರಲಿಲ್ಲ. ಯಾರನ್ನೂ ಬಿಡಲೂ ಇರಲಿಲ್ಲ.

ಗಡಿಯಾರ ಎರಡು ತೋರಿಸುತ್ತಿತ್ತು.

*

ಮಾನ್‌ಲೀ ತನ್ನ ರಬ್ಬರ್ ಬೂಟುಗಳನ್ನು ತಲೆಕೆಳಗು ಮಾಡಿ ನೀರು ಸುರಿಯುತ್ತಿದ್ದಳು. ಇಳಿತದ ಹೊತ್ತಿಗೆ ಪ್ರವಾಸಿಗರನ್ನು ಮೀನುಕಟ್ಟೆಯ ಮೇಲೆ ನಡೆಸಿಕೊಂಡು ಹೋಗುವವಳು ಅವಳು. ಮದುವೆಯಾಗಿ ಬೇರೆ ಊರಿನಿಂದ ಬಂದವಳು, ಇನ್ನೂ ಮೂವತ್ತು ದಾಟಿಲ್ಲ. ಮಾತಿಗೆ ತಡೆ ಇಲ್ಲ.

"ಮೇಯುನ್ ಅಕ್ಕಾ, ಇವತ್ತು ನನ್ನ ಗುಂಪಲ್ಲಿ ಕೊಲೆಗಾರ ಇದ್ದನಂತೆ? ಗೊತ್ತಿದ್ರೆ ಅವನ ಕೈಲೇ ಬುಟ್ಟಿ ಹೊರಿಸ್ತಿದ್ದೆ."

"ಕೊಲೆ ಇನ್ನೂ ಆಗಿಲ್ಲ. ಸುಲಿಯೆನ್ ಬದುಕಿದ್ದಾಳೆ. ಆ ಟೋಪಿ ಗಂಡಸು ಯಾವಾಗ ಬಂದ?"

"ತಡವಾಗಿ. ಹನ್ನೆರಡೂವರೆ ಇರಬಹುದು. ನಾವಾಗಲೇ ಗೋಡೆ ಮಧ್ಯಕ್ಕೆ ಹೋಗಿದ್ವಿ."

"ಏದುಸಿರು ಬಿಡ್ತಿದ್ನಾ? ಬಟ್ಟೆ ಮೇಲೆ ಏನಾದ್ರೂ?"

"ಏನಿಲ್ಲ ಅಕ್ಕಾ, ಪಾಪ. ಒಳ್ಳೇ ಮನುಷ್ಯ. ಉಳಿದವರೆಲ್ಲ ಏಡಿ ಹುಡುಕ್ತಾ ಕಲ್ಲು ಕೀಳೋದು, ನಾನು ಬೈಯೋದು. ಇವರೊಬ್ಬರೇ ಬಿದ್ದಿದ್ದ ಕಲ್ಲನ್ನ ಎತ್ತಿ ಇಟ್ಟರು."

ನಾನು ಕೇಳಿಸಿಕೊಂಡೆ. ಕೇಳಿಸಿದ್ದು ತಲೆಗೆ ಇಳಿಯಲು ಮಾತ್ರ ಒಂದು ಕ್ಷಣ ಬೇಕಾಯಿತು.

"ಯಾವ ಕಲ್ಲು?"

"ಮೊನ್ನೆ ಅಲೆಗೆ ಬಿತ್ತಲ್ಲ, ಗೋಡೆ ಬಾಗೋ ಕಡೆ. ಇವತ್ತು ಸಂಜೆ ನಮ್ಮನೆಯವರು ಇಡ್ತೀನಿ ಅಂದಿದ್ರು."

"ನೀನು ಹೇಳಿದ್ಯಾ ಇಡಿ ಅಂತ?"

"ನಾನ್ಯಾಕೆ ಹೇಳ್ಲಿ? ನಾನು ಯಾರಿಗೋ ಸಮುದ್ರಸೌತೆ ಹುಳ ತೋರಿಸ್ತಿದ್ದೆ. ತಿರುಗಿ ನೋಡೋಷ್ಟರಲ್ಲಿ ಬಗ್ಗಿ, ಇಟ್ಟು, ಕೈ ಒರೆಸ್ಕೊಂಡು ಮುಂದೆ ಹೋಗ್ತಿದ್ರು. ಚಪ್ಪಲಿ ಸರಿಮಾಡ್ಕೊಂಡು ಹೋದಂಗೆ."

"ಬೂಟು ಕೊಡು."

"ಅಕ್ಕಾ, ನೀರು ಏರ್ತಾ ಇದೆ!"

"ಅದಕ್ಕೇ ಈಗಲೇ ಕೊಡು ಅಂದಿದ್ದು."

*

ನಾನು ಪಕ್ಕದ ದ್ವೀಪದಲ್ಲಿ ಹುಟ್ಟಿದವಳು. ನಮ್ಮಪ್ಪನಿಗೂ ಒಂದು ಮೀನುಕಟ್ಟೆಯಲ್ಲಿ ಪಾಲಿತ್ತು. ಭರತದಲ್ಲಿ ಮೀನು ಗೋಡೆಯ ಮೇಲಿಂದ ಒಳಗೆ ಬರುತ್ತದೆ, ಇಳಿತದಲ್ಲಿ ಒಳಗೇ ಉಳಿಯುತ್ತದೆ. ನೋಡುವವರಿಗೆ ಅಷ್ಟೇ. ಕಟ್ಟುವವರಿಗೆ ಅದು ಸಾಯುವವರೆಗಿನ ಚಾಕರಿ. ಸುಣ್ಣವಿಲ್ಲ, ಸಿಮೆಂಟಿಲ್ಲ. ಕಲ್ಲಿನ ಮೇಲೆ ಕಲ್ಲು. ಒಂದು ಬಿದ್ದರೆ ಅದರ ಎಡೆಯಿಂದ ಇನ್ನೊಂದು ಬೀಳುತ್ತದೆ, ಮೂರನೇ ಅಲೆಗೆ ಹತ್ತು.

ಅದಕ್ಕೇ ಬಿದ್ದ ಕಲ್ಲನ್ನು ಕಟ್ಟೆಯ ಮನೆಯವರು ದಾಟಿ ಹೋಗುವುದಿಲ್ಲ. ಯಾರ ಸರದಿ, ಯಾರ ಪಾಲು ಎಂದು ಕೇಳುವುದಿಲ್ಲ. ಮದುವೆಗೆ ಹೊರಟಿದ್ದರೂ ಬಗ್ಗಿ ಎತ್ತಿಟ್ಟೇ ಹೋಗುತ್ತಾರೆ. ಅಪ್ಪ ಆಸ್ಪತ್ರೆಯ ಅಂಗಳದಲ್ಲಿ ಕದಲಿದ್ದ ಅಂಚುಗಲ್ಲನ್ನು ಕೂಡ ಎತ್ತಿಟ್ಟಿದ್ದರು, ಹೃದಯದ ಪರೀಕ್ಷೆಗೆ ಹೋಗುವಾಗ.

ಉತ್ತರಕಟ್ಟೆಯ ಗೋಡೆ ಬಾಗುವ ಕಡೆ ನೀರು ನನ್ನ ಮೊಣಕಾಲಿಗೆ ಬಂದಿತ್ತು. ಬೂಟಿನೊಳಗೆ ಸಮುದ್ರ ತುಂಬಿತು. ಮೊದಲು ಸಿಕ್ಕಿದ್ದು ಬೇರೆ ಕಲ್ಲು. ಮೇಷ್ಟ್ರು ಮಗನಿಗೆ ಏಡಿ ತೋರಿಸಲು ಕಿತ್ತು, ಮಾನ್‌ಲೀ ಬೈದ ಮೇಲೆ ತಿರುಗಿ ಇಟ್ಟದ್ದಿರಬೇಕು, ಇಟ್ಟಿಗೆಯಂತೆ ಅಡ್ಡಡ್ಡ ಮಲಗಿತ್ತು. ಮುಟ್ಟಿದ ಕೂಡಲೇ ಉರುಳಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಸರ್ಕಾರಿ ನೌಕರಳು ಹೇಳಬಾರದ ಒಂದು ಮಾತು ಹೇಳಿದೆ.

ಎರಡು ಮಾರು ಮುಂದೆ ಅದು ಕಂಡಿತು.

ಕರಿಗಲ್ಲು, ಸೋರೆಕಾಯಿಯ ಆಕಾರ. ಸಣ್ಣ ಮೂತಿ ಒಳಗಡೆಗೆ, ದಪ್ಪ ಹಿಂಭಾಗ ಸಮುದ್ರಕ್ಕೆ. ಪಾಚಿ ಹಿಡಿದ ಮೈ ಕೆಳಗೆ, ಒರಟು ಮೈ ಮೇಲೆ. ಅಡಿಯಲ್ಲಿ ಮೂರು ಹವಳಗಲ್ಲಿನ ಚೂರುಗಳು, ಎರಡು ಎಡಕ್ಕೆ, ಒಂದು ಬಲಕ್ಕೆ. ಇನ್ನೊಂದು ಕಾಲಿನಿಂದ ಒದ್ದೆ. ಕದಲಲಿಲ್ಲ. ಎರಡು ಕೈ ಕೊಟ್ಟು ಎಳೆದೆ. ಅದು ನನ್ನನ್ನೇ ಎಳೆಯಿತು.

ನನ್ನಪ್ಪ ಮೂತಿಯನ್ನು ಸಮುದ್ರದ ಕಡೆಗೆ ಇಡುತ್ತಿದ್ದರು. ಪೂರ್ವದ ಕಟ್ಟೆಯವರೂ ಹಾಗೆಯೇ. ಮೂತಿ ಒಳಗೆ ಹಾಕಿ ಕೂರಿಸುವ ಕೈ ಈ ಉತ್ತರಕಟ್ಟೆಯದ್ದು ಮಾತ್ರ. ಇಲ್ಲಿ ಉತ್ತರದ ಅಲೆ ಹಿಂಭಾಗಕ್ಕೆ ಹೊಡೆದು ಕಲ್ಲನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಈ ಕಟ್ಟೆ ತಲೆತಲಾಂತರದಿಂದ ಎರಡೇ ಮನೆಗಳದ್ದು. ಲ್ಯು ಮನೆ, ಹುಂಗ್ ಮನೆ.

ನೀರಿನಲ್ಲಿ ನಿಂತುಕೊಂಡೇ ಲೆಕ್ಕ ಹಾಕಿದೆ. ಲ್ಯು ಮನೆಯ ಗಂಡಸರಲ್ಲಿ ಉಳಿದವನು ಮಾನ್‌ಲೀಯ ಗಂಡ, ಅವನು ಬೆಳಿಗ್ಗೆಯಿಂದ ಬಲೆ ಹಾಕಲು ಸಮುದ್ರಕ್ಕೆ ಹೋಗಿದ್ದಾನೆ. ಹುಂಗ್ ಮನೆಯ ಗಂಡಸರೆಲ್ಲ ಗುಡ್ಡದ ಮೇಲಿನ ಸ್ಮಶಾನದಲ್ಲಿದ್ದಾರೆ. ಊರು ಬಿಟ್ಟು ಹೋದವನು ಒಬ್ಬನೇ.

ಚಿಯಾಮು.

ಯುಂಗ್‌ಫಾನನ್ನು ಕೊಂದವನು ಇಪ್ಪತ್ತೊಂದು ವರ್ಷದ ಮೇಲೆ ಬಂದು ಯುಂಗ್‌ಫಾನ ಹೆಂಡತಿಯ ತಲೆ ಒಡೆದಿದ್ದಾನೆ. ಅವಳಿಗೆ ಏನೋ ಗೊತ್ತಿತ್ತು. ಬಾಯಿ ಮುಚ್ಚಿಸಿದ. ಎಲ್ಲ ಸರಿಯಾಗಿ ಕೂತಿತು, ಆ ಕಲ್ಲಿನಂತೆಯೇ.

ದಡಕ್ಕೆ ಬರುವಷ್ಟರಲ್ಲಿ ಸೊಂಟದವರೆಗೆ ನೆನೆದಿದ್ದೆ. ಹೆಬ್ಬೆರಳು ಕುಟುಕುತ್ತಿತ್ತು. ಅಜ್ಜಿಗೆ ಕೊಟ್ಟ ಮಾತು ಅದಕ್ಕಿಂತ ಜೋರಾಗಿ ಕುಟುಕುತ್ತಿತ್ತು.

*

ಮೂರೂವರೆ. ದೋಣಿಕಟ್ಟೆಯ ಕಾಯುವ ಕೊಠಡಿಯಿಂದ ಉಳಿದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದೆ. ಒಳಗೆ ಕೋ ವೆನ್‌ಪಿನ್ ಮತ್ತು ನಾನು. ಮಧ್ಯೆ ಒಂದು ಪ್ಲಾಸ್ಟಿಕ್ ಮೇಜು. ನನ್ನ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಈಜಿಗೆ ಹೋಗಿದ್ರಾ?" ಎಂದ.

"ನಿಮ್ಮ ಕಲ್ಲು ನೋಡೋಕೆ ಹೋಗಿದ್ದೆ."

"ನನ್ನ ಕಲ್ಲಾ?"

"ಕೈ ತೋರಿಸಿ."

ಅವನು ತೋರಿಸಿದ. ಬಲಗೈ ಬೆರಳುಗಳ ಒಳಮೈಯಲ್ಲಿ ಹೊಸ ಗೀರುಗಳು. ಕಲ್ಲಿಗಂಟಿದ ಚಿಪ್ಪು ಕೊಯ್ದ ಗುರುತು.

"ಮೇಷ್ಟ್ರೂ ಒಂದು ಕಲ್ಲು ಇಟ್ಟಿದ್ದಾರೆ, ಸಾರ್. ಅದು ನನ್ನ ಹೆಬ್ಬೆರಳು ಜಜ್ಜಿತು. ನಿಮ್ಮದು ಮಾತ್ರ ಎಳೆದ್ರೂ ಬರ್ಲಿಲ್ಲ."

"ಗಟ್ಟಿಯಾಗಿ ಇಟ್ಟೆ. ಅದೂ ತಪ್ಪಾ?"

"ತಪ್ಪಲ್ಲ. ಮೂತಿ ಯಾಕೆ ಒಳಗಡೆ?"

ಅವನು ತಡೆದ. ಎಷ್ಟು ಹೊತ್ತು? ಒಂದು ಉಸಿರು. ಅಷ್ಟು ಸಾಕಾಯಿತು ನನಗೆ.

"ಹೆಂಗೆ ಬಂತೋ ಹಂಗೆ ಇಟ್ಟೆ."

"ಕೆಳಗೆ ಮೂರು ಬೆಣೆ. ಪಾಚಿ ಕೆಳಗೆ. ಅದೂ ಹೆಂಗೆ ಬಂತೋ ಹಂಗಾ?"

"ಟೀವೀಲಿ ತೋರಿಸ್ತಾರೆ ಇಂಥದ್ದೆಲ್ಲ."

"ಟೀವೀಲಿ ನಮ್ಮ ಐಸ್ ತೋರಿಸ್ತಾರೆ. ಮರಳಬಾಲ ತೋರಿಸ್ತಾರೆ. ಮುಖಕ್ಕೆ ಬಟ್ಟೆ ಕಟ್ಟಿದ ಮುದುಕೀರನ್ನ ತೋರಿಸ್ತಾರೆ. ಬೆಣೆ ಎಡಕ್ಕೆ ಎರಡು ಬಲಕ್ಕೆ ಒಂದು ಅಂತ ಯಾರೂ ತೋರಿಸಲ್ಲ, ಸಾರ್. ಇನ್ನೊಂದು ಮಾತು ಕೇಳ್ಲಾ? ಬೆಳಗಿನಿಂದ ಏನೇನು ಮಾಡಿದ್ರಿ ಅಂತ ನೀವು ಒಂದೂ ಬಿಡದೆ ಹೇಳಿದ್ರಿ. ದೇವಸ್ಥಾನ, ಶಂಖ, ಶೇಂಗಾ. ಕಲ್ಲು ಇಟ್ಟಿದ್ದು ಮಾತ್ರ ಹೇಳ್ಲಿಲ್ಲ."

"ಮರೆತೆ."

"ಮರೆತಿದ್ದಲ್ಲ. ಇಟ್ಟಿದ್ದೇ ನಿಮಗೆ ಗೊತ್ತಿಲ್ಲ."

ಅವನು ತನ್ನ ಕೈಗಳನ್ನೇ ನೋಡಿಕೊಂಡ. ಬೇರೆ ಯಾರದ್ದೋ ಕೈಗಳು ತನ್ನ ತೋಳಿನ ತುದಿಗೆ ಬಂದು ಕೂತಂತೆ ನೋಡಿದ.

"ಬಿದ್ದಿತ್ತು," ಎಂದ ಕೊನೆಗೆ. ದನಿಯಲ್ಲಿ ಕಾವೋಶುಂಗ್‌ನ ನಯ ಹೋಗಿ ನಮ್ಮ ದ್ವೀಪದ ಒರಟು ಬಂದಿತ್ತು. "ಬಿದ್ದ ಕಲ್ಲು ಕಣ್ಣಿಗೆ ಬಿದ್ಮೇಲೆ ದಾಟಿ ಹೋಗೋಕೆ ಆಗುತ್ತಾ?"

"ಆಗಲ್ಲ," ಎಂದೆ. "ನಮ್ಮಂಥವರಿಗೆ ಆಗಲ್ಲ. ಬಟ್ಟೆ ತೆಗೀರಿ."

ಟೋಪಿ ತೆಗೆದ. ಕನ್ನಡಕ ತೆಗೆದ. ಬಿಸಿಲುಬಟ್ಟೆಯನ್ನು ನಿಧಾನವಾಗಿ ಕತ್ತಿಗೆ ಇಳಿಸಿದ. ನನ್ನ ಬಳಿ ಚಿಯಾಮುವಿನ ಒಂದೇ ಫೋಟೋ ಇತ್ತು, ಸೈನ್ಯದ ಚಾಕರಿಗೆ ಹೋದಾಗಿನದ್ದು, ಇಪ್ಪತ್ತರ ಹುಡುಗ. ಫೋಟೋ ಮೇಜಿನ ಮೇಲಿಟ್ಟು ಹೋಲಿಸಿದೆ. ಹುಬ್ಬು ಹೊಂದಿತು. ಗಲ್ಲ ಹೊಂದಲಿಲ್ಲ. ವಯಸ್ಸು ಯಾರ ಗಲ್ಲವನ್ನೂ ಹಾಗೇ ಬಿಡುವುದಿಲ್ಲ ಎಂದುಕೊಂಡೆ.

"ಲ್ಯು ಚಿಯಾಮು," ಎಂದೆ.

ಅವನು ಫೋಟೋವನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಸಡಿಲವಾಯಿತು. ಸೋತವನ ಸಡಿಲ ಎಂದು ನಾನು ಓದಿಕೊಂಡೆ.

"ಬರ್ಕೊಳ್ಳಿ," ಎಂದ. "ನೀವು ಹೇಳಿದ್ದೇ ಬರ್ಕೊಳ್ಳಿ. ಕೋಳ ಹಾಕಿ, ದೋಣಿ ಹತ್ತಿಸಿ."

"ಸುಲಿಯೆನ್‌ಗೆ ಯಾಕೆ ಹೊಡೆದೆ?"

"ಮಾಕುಂಗ್‌ನಲ್ಲಿ ಹೇಳ್ತೀನಿ. ವಕೀಲರ ಮುಂದೆ."

"ಯುಂಗ್‌ಫಾಗೆ?"

ಅವನು ನಗಲಿಲ್ಲ, ಆದರೆ ನಗು ಬಂದು ಹೋದ ಜಾಗ ಅವನ ಬಾಯಿಯ ಮೂಲೆಯಲ್ಲಿ ಕಂಡಿತು. "ಅದನ್ನೂ ಅಲ್ಲೇ."

ಕೋಳ ಹಾಕಿದೆ. ಎರಡೂ ಕೈಗಳನ್ನು ಅವನೇ ಮುಂದೆ ಚಾಚಿದ. ಇಪ್ಪತ್ತು ವರ್ಷದ ಕೆಲಸದಲ್ಲಿ ಇಷ್ಟು ಸಲೀಸಾಗಿ ಯಾರೂ ಕೈ ಕೊಟ್ಟಿರಲಿಲ್ಲ.

"ದೋಣಿಗೆ ಇನ್ನೂ ಹೊತ್ತಿದೆ," ಎಂದೆ. "ಮೊದಲು ನಿಮ್ಮಮ್ಮನ ಹತ್ತಿರ."

ಆಗ ಅವನು ಕೈ ಹಿಂದೆಳೆದ.

"ಬೇಡ."

"ಹತ್ತೇ ನಿಮಿಷ."

"ಬೇಡ ಅಂದ್ನಲ್ಲ! ಜೈಲಿಗೆ ಬರ್ತೀನಿ ಅಂದೆ. ಒಪ್ಕೊಂಡೆ. ಇನ್ನೇನು ಬೇಕು ನಿಮಗೆ? ಅಲ್ಲಿಗೆ ಬರಲ್ಲ."

ಎದ್ದು ನಿಂತಿದ್ದ. ಹಣೆಯ ಮೇಲೆ ಬೆವರು. ಕೊಲೆಯ ಮಾತಿಗೆ ಬೆವರದವನು ಎಂಬತ್ತೊಂದು ವರ್ಷದ ಮುದುಕಿಯ ಹೆಸರಿಗೆ ಬೆವರುತ್ತಿದ್ದ. ನಾಚಿಕೆ ಎಂದುಕೊಂಡೆ. ತಾಯಿಯ ಮುಖ ನೋಡುವ ಧೈರ್ಯ ಯಾರಿಗಿರುತ್ತದೆ? ನನಗೆ ಕರುಣೆಯೂ ಬಂತು. ಆ ಕರುಣೆಗಾಗಿ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

"ನಾನು ಒಂದು ಮಾತು ಕೊಟ್ಟಿದ್ದೀನಿ," ಎಂದೆ. "ನೀನು ನಡೀತೀಯೋ, ಕೈಗಾಡೀಲಿ ಹಾಕ್ಕೊಂಡು ಹೋಗ್ಲೋ? ಶೇಂಗಾ ಮೂಟೆ ಹೊರೋ ಗಾಡಿ ಹೊರಗೇ ಇದೆ."

ಹೊರಗೆ ದೋಣಿಯ ಕಪ್ತಾನ ಯೆನ್ ಗಡಿಯಾರ ತಟ್ಟಿ ತೋರಿಸಿದ. "ಅಕ್ಕಾ, ಗಾಳಿ ತಿರುಗ್ತಿದೆ. ಇವತ್ತು ನನ್ನ ಹೆಂಡ್ತಿ ಹುಟ್ಟಿದ ದಿನ. ತಡ ಆದ್ರೆ ನೀವು ನನ್ನ ಹೆಣ ಹುಡುಕ್ಬೇಕಾಗುತ್ತೆ."

"ಕೇಕು ಕೊಡಿಸು, ಬದುಕ್ಕೊಳ್ತೀಯ. ನಾನು ಬರೋವರೆಗೆ ಹಗ್ಗ ಬಿಚ್ಚಬೇಡ."

*

ಹವಳಗಲ್ಲಿನ ಗೋಡೆಗಳ ನಡುವಿನ ಓಣಿಯಲ್ಲಿ ಇಬ್ಬರು ಒಟ್ಟಿಗೆ ನಡೆಯಲಾಗದು. ಅವನನ್ನು ಮುಂದೆ ಬಿಟ್ಟೆ. ಓಣಿ ಎರಡಾಗುವ ಕಡೆ ನಾನು ದಾರಿ ಹೇಳಲಿಲ್ಲ. ಅವನೂ ಕೇಳಲಿಲ್ಲ. ತಾನಾಗಿಯೇ ಎಡಕ್ಕೆ ತಿರುಗಿದ, ಅಜ್ಜಿಯ ಮನೆಯ ಕಡೆಗೆ. ಇದ್ದ ಒಂದಿಷ್ಟು ಅನುಮಾನವೂ ಅಲ್ಲಿಗೆ ಹೋಯಿತು.

ಚಾಯ್‌ಫೆಂಗ್ ಅಜ್ಜಿ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ಕಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಯಿತು. ಅಂದಿನಿಂದ ಊರಿನ ಯಾರ ಮುಖದ ಮೇಲಿನ ಮೊಡವೆಯೂ ಅವಳಿಂದ ತಪ್ಪಿಸಿಕೊಂಡಿಲ್ಲ.

"ಅಜ್ಜೀ," ಎಂದೆ. "ತಂದಿದ್ದೀನಿ."

ಅವಳು ತಿರುಗಲಿಲ್ಲ. ಮೊದಲು ಕೈಯಲ್ಲಿದ್ದ ಮೀನನ್ನು ಚಾಪೆಯ ಮೇಲಿಟ್ಟಳು. ತೊಟ್ಟಿಯ ಬಳಿಗೆ ಹೋಗಿ ಕೈ ತೊಳೆದಳು, ಒಂದೊಂದೇ ಬೆರಳು. ಒದ್ದೆ ಕೈಯಿಂದ ಕೂದಲನ್ನು ಕಿವಿಯ ಹಿಂದಕ್ಕೆ ಒತ್ತಿಕೊಂಡಳು. ಬಟ್ಟೆ ಕೊಡವಿದಳು. ಆಮೇಲೆ ಹೊಸ್ತಿಲಿಗೆ ಬಂದು ನಿಂತಳು.

"ಮುಖ ಎತ್ತು."

ಅವನು ಎತ್ತಲಿಲ್ಲ.

ಅಜ್ಜಿ ಅವನ ಗಲ್ಲದ ಕೆಳಗೆ ಎರಡು ಬೆರಳು ಕೊಟ್ಟು ತಾನೇ ಎತ್ತಿದಳು. ನೋಡಿದಳು. ನಾನು ಅಳುವಿಗೆ ಸಿದ್ಧಳಾಗಿದ್ದೆ, ಹೊಡೆತಕ್ಕೂ ಸಿದ್ಧಳಾಗಿದ್ದೆ. ಎರಡೂ ಬರಲಿಲ್ಲ. ದೋಣಿಕಟ್ಟೆಯಿಂದ ಯೆನ್ ಒಮ್ಮೆ ದೋಣಿಯ ಹಾರ್ನ್ ಊದಿದ.

"ಇವನು ನನ್ನ ಮಗ ಅಲ್ಲ," ಎಂದಳು.

"ಅಜ್ಜೀ, ಇಪ್ಪತ್ತೊಂದು ವರ್ಷ ಆಯ್ತು. ಮುಖ ಬದಲಾಗುತ್ತೆ."

"ನೀನೂ ಹೆತ್ತಿದ್ದೀಯಲ್ಲೇ, ಮೇಯುನ್. ನಿನಗೆ ನಾನು ಹೇಳಿಕೊಡಬೇಕಾ?" ನನ್ನ ಕಡೆ ನೋಡದೆಯೇ ಹೇಳಿದಳು. ಅವಳ ಬೆರಳು ಅವನ ಗಲ್ಲದ ಕೆಳಗೇ ಇತ್ತು. "ಇವನು ನನ್ನ ಮನೇಲಿ ಉಂಡಿದ್ದಾನೆ. ಚಿಯಾಮು ಪಕ್ಕದಲ್ಲೇ ಕೂತು, ಅವನ ಬಟ್ಟಲಿಂದ ಮೀನು ಕದ್ದು ತಿಂದಿದ್ದಾನೆ. ಮೀಸೆ ಬರೋಕೆ ಮುಂಚಿಂದ ಗೊತ್ತು ಈ ಮೂತಿ."

ಅವನು ಕಣ್ಣು ಮುಚ್ಚಿಕೊಂಡ.

"ಯುಂಗ್‌ಫಾ," ಎಂದಳು ಅಜ್ಜಿ. ದನಿ ಏರಲಿಲ್ಲ. "ನೀನು ಸತ್ತಿದ್ದೆಯಲ್ಲೋ. ನಿನ್ನ ಹೆಣದ ಪೆಟ್ಟಿಗೆ ಮುಂದೆ ನಾನು ಮೂರು ದಿನ ಮಂಡಿ ಊರಿದ್ದೆನಲ್ಲೋ. ನನ್ನ ಮಗ ಮಾಡಿದ ಪಾಪ ಕ್ಷಮಿಸಪ್ಪಾ ಅಂತ, ಊರವರೆಲ್ಲ ನೋಡ್ತಿರೋ ಹಾಗೆ ಹಣೆ ನೆಲಕ್ಕೆ ಹಚ್ಚಿದ್ದೆನಲ್ಲೋ."

ಮಾಕುಂಗ್‌ನ ಆ ಹಳೆಯ ಕೊಲೆಯ ಕಡತ ನನ್ನ ಕಣ್ಣ ಮುಂದೆ ತೆರೆದುಕೊಂಡಿತು. ಮುಖವಿಲ್ಲದ ಹೆಣ. ಮಳೆಯಂಗಿ. "ಇವರೇ" ಎಂದ ಸುಲಿಯೆನ್. ನೀರಿನಲ್ಲಿ ನಿಂತು ನಾನು ಊರು ಬಿಟ್ಟವರನ್ನು ಎಣಿಸಿದ್ದೆ. ಸತ್ತವರನ್ನು ಎಣಿಸಿರಲಿಲ್ಲ.

ಅಜ್ಜಿ ಅವನ ಗಲ್ಲ ಬಿಟ್ಟಳು. ಮನೆಯ ಹಿಂದಿನ ಗುಡ್ಡದ ಕಡೆಗೆ ತಿರುಗಿದಳು. ಹುಂಗ್ ಮನೆಯ ಗೋರಿಗಳು ಅಲ್ಲಿಂದಲೇ ಕಾಣುತ್ತವೆ, ಕೂಗಿದರೆ ಕೇಳುವಷ್ಟು ದೂರ.

"ಹಾಗಾದ್ರೆ ಅಲ್ಲಿ ಆ ಗೋರೀಲಿ ಮಲಗಿರೋದು ನನ್ನ..." ಎಂದಳು.

"ಅವಳನ್ನ ಕೇಳಿ," ಎಂದ ಯುಂಗ್‌ಫಾ ಕಣ್ಣು ತೆರೆಯದೆ. "ಸುಲಿಯೆನ್‌ನ ಕೇಳಿ. ಚಿಯಾಮು ತಲೆಗೆ ಬಿದ್ದ ಕಲ್ಲು ನನ್ನ ಕೈಲಿರ್ಲಿಲ್ಲ ಅವತ್ತು. ಅವಳ ಕೈಲಿತ್ತು."

ನನ್ನ ಜೇಬಿನಲ್ಲಿ ಫೋನ್ ನಡುಗಿತು. ಮಾಕುಂಗ್ ಆಸ್ಪತ್ರೆ. ಸುಲಿಯೆನ್‌ಗೆ ಅರ್ಧ ಗಂಟೆ ಮುಂಚೆ ಎಚ್ಚರವಾಗಿತ್ತಂತೆ. ನೀರು ಕೇಳಿದಳಂತೆ. ನರ್ಸ್ ನೀರು ತರುವಷ್ಟರಲ್ಲಿ ಹಾಸಿಗೆ ಖಾಲಿ.

ಚಾಯ್‌ಫೆಂಗ್ ಅಜ್ಜಿಯ ಮಗನನ್ನು ಅವಳ ಹೊಸ್ತಿಲಿಗೆ ತರುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಆ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.